ನಾಲ್ಕು ತೂತಿನ ಮೊನೆ ಹೆಲ್ಮೆಟ್

ಏಪ್ರಿಲ್ ಎರಡು, ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ. ಮಧ್ಯಾಹ್ನ ಎರಡೂವರೆಗೆ ಎವಾಲ್ಡ್ ಷ್ಟೋಟ್ಸ್ ಏದುಸಿರು ಬಿಡುತ್ತ ಹೈಗೆನ್‌ಬಾಖ್ ಠಾಣೆಗೆ ಬಂದರು. ಹಳೆಯ ಜರ್ಮನ್ ಸೈನ್ಯದ, ನೆತ್ತಿಯಲ್ಲಿ ಚೂಪು ಮೊನೆಯಿರುವ ಚರ್ಮದ ಹೆಲ್ಮೆಟ್‌ಗಳನ್ನು ಸಂಗ್ರಹಿಸುವವರ ಸಂಘಕ್ಕೆ ಅವರೇ ಕಾರ್ಯದರ್ಶಿ. ಊರಿನ ಗ್ರಂಥಾಲಯದಲ್ಲಿ ನಡೆಯುತ್ತಿದ್ದ ಸಂಘದ ಪ್ರದರ್ಶನದಿಂದ ಒಂದು ಹೆಲ್ಮೆಟ್ ಕಳುವಾಗಿತ್ತು.

ಇನ್ಸ್‌ಪೆಕ್ಟರ್ ಗುಡ್ರುನ್ ಮೈಲೆ ಎಫ್‌ಐಆರ್ ಬರೆದುಕೊಂಡು, ಸಹಿಗೆ ಮೊದಲು ಇನ್ನೊಮ್ಮೆ ಓದಿಸಿದಳು. ತಪ್ಪಾಗಿಬಿಟ್ಟರೆ ಎಂಬ ಅಳುಕು ಅವಳಿಗೆ ಯಾವಾಗಲೂ ಇದ್ದದ್ದೇ.

ಕಾನ್‌ಸ್ಟೆಬಲ್ ಪ್ಫಿಸ್ಟರರ್ ಜೊತೆ ಪಂಚನಾಮೆಗೆ ಹೋದಾಗ ಗಾಜಿನ ಕಪಾಟುಗಳೆಲ್ಲ ಭದ್ರವಾಗಿದ್ದವು. ಒಳಗೆ ಅಧಿಕಾರಿಗಳ ಹೆಲ್ಮೆಟ್‌ಗಳು ಸಾಲಾಗಿ ಹೊಳೆಯುತ್ತಿದ್ದವು. ಕಳುವಾದದ್ದು ಹಿಂದಿನ ಮೇಜಿನ ಮೇಲೆ ಬಿಡಿಭಾಗಗಳ ಜೊತೆ ಇಟ್ಟಿದ್ದ ಹೆಲ್ಮೆಟ್.

"ಬೆಲೆಬಾಳೋದಾ?" ಗುಡ್ರುನ್ ಕೇಳಿದಳು.

"ಅಯ್ಯೋ, ಅದು ಕಲಬೆರಕೆ ಮಾಲು ಮೇಡಂ. ಹಣೆ ಮೇಲಿನ ಲಾಂಛನದ ಬಿಲ್ಲೆ ಕೂರಿಸೋಕೆ ಚರ್ಮದಲ್ಲಿ ಎರಡು ತೂತು ಇರಬೇಕು. ಅದರಲ್ಲಿ ನಾಲ್ಕಿದ್ವು. ಬಾಡೆನ್ ಸೈನ್ಯದ ಬಿಲ್ಲೆಗೆ ಒಂದು ಜೊತೆ, ನಮ್ಮ ವ್ಯುರ್ಟೆಂಬೆರ್ಗ್ ಸೈನ್ಯದ ಬಿಲ್ಲೆಗೆ ಇನ್ನೊಂದು. ಯಾರೋ ವ್ಯಾಪಾರಿ ಬಿಲ್ಲೆ ಬದಲಾಯಿಸಿ ಮೋಸ ಮಾಡಿದ್ದಾನೆ. ಗದ್ದದ ಪಟ್ಟಿ ಮಾತ್ರ ಅಪ್ಪಟ. ಅದನ್ನ ಬಿಚ್ಚಿ ಬೇರೆದಕ್ಕೆ ಹಾಕೋಣ ಅಂತಿದ್ದೆ."

"ಬಿಲ್ಲೆ ಎಲ್ಲಿ?"

"ಮೊನ್ನೆ ಬಿಚ್ಚಿ ಈ ಪೆಟ್ಟಿಗೆಗೆ ಹಾಕಿದ್ದೆ." ಷ್ಟೋಟ್ಸ್ ಪೆಟ್ಟಿಗೆಯನ್ನು ತಡಕಾಡಿದರು. ಹದ್ದು, ಸಿಂಹ, ಜಿಂಕೆಗಳ ಹಿತ್ತಾಳೆ ಬಿಲ್ಲೆಗಳು ಖಣಖಣ ಅಂದವು. "ಅರೆ! ಅದೊಂದೇ ಇಲ್ಲ."

ಪ್ಫಿಸ್ಟರರ್ ನಕ್ಕ. "ಅಚ್ಚುಕಟ್ಟಿನ ಕಳ್ಳ. ಆ ಹೆಲ್ಮೆಟ್ಟಿಗೆ ಸೇರಿದ್ದು ಬಿಟ್ಟು ಬೇರೇನೂ ಮುಟ್ಟೇ ಇಲ್ಲ."

ಗುಡ್ರುನ್ ನಗಲಿಲ್ಲ. ಸಂಗ್ರಾಹಕನಾಗಿದ್ದರೆ ಕಪಾಟಿಗೆ ಕೈಹಾಕುತ್ತಿದ್ದ. ಇವನಿಗೆ ಬೇಕಾದದ್ದು ಅದೇ ಹೆಲ್ಮೆಟ್, ಅದೂ ಪೂರ್ತಿಯಾಗಿ.

ಬಾಗಿಲ ಬಳಿಯ ನೌಕರನಿಗೆ ಏನೂ ಕಂಡಿರಲಿಲ್ಲ. "ಹಬ್ಬದ ವಾರ ಮೇಡಂ. ಊರಿನ ಅರ್ಧ ಹೆಂಗಸರ ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಯಾರದ್ದು ಅಂತ ಎತ್ತಿ ನೋಡಲಿ?"

ಷ್ಟೋಟ್ಸ್‌ಗೆ ಅದನ್ನು ಮಾರಿದ್ದು ಹಳೇ ಮನೆಗಳನ್ನು ಖಾಲಿ ಮಾಡಿಸುವ ವ್ಯಾಪಾರಿ. ಅವನಿಗೆ ಅದು ಸಿಕ್ಕಿದ್ದು ಪಕ್ಕದ ಹಳ್ಳಿಯ ಗೆಬ್‌ಹಾರ್ಡ್ ನೇಗೆಲೆಯ ಮನೆಯಿಂದ. ಶುಕ್ರವಾರ ಸಂಜೆ ಗೆಬ್‌ಹಾರ್ಡ್ ಬಾಗಿಲಲ್ಲೇ ನಿಂತು ಉತ್ತರಿಸಿದ.

"ಅಮ್ಮ ತೀರಿಕೊಂಡ್ಮೇಲೆ ಸಾಮಾನೆಲ್ಲ ಒಟ್ಟಿಗೆ ಕೊಟ್ಟೆ. ಅಟ್ಟದ ಕಸಾನೂ ಸೇರಿಸಿ."

"ಬೇರೆ ವಾರಸುದಾರರು?"

"ಅಕ್ಕ ಇದ್ದಾಳೆ. ಆಗ ಮಂಡಿ ಆಪರೇಷನ್ನಿಗೆ ಆಸ್ಪತ್ರೆಲಿದ್ಲು. ಆವತ್ತಿಂದ ನನ್ನ ಜೊತೆ ಮಾತಿಲ್ಲ. ಒಂದು ಟೋಪಿಗೋಸ್ಕರ!"

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ವಾಲ್ಬುರ್ಗಾಳ ಅಡುಗೆಮನೆ, ಮೊಟ್ಟೆಗೆ ಬಣ್ಣ ಕಟ್ಟಲು ಈರುಳ್ಳಿ ಸಿಪ್ಪೆ ಕುದಿಯುವ ವಾಸನೆಯಿಂದ ತುಂಬಿತ್ತು. ಒಲೆಯ ಪಕ್ಕದ ಕೊಕ್ಕೆಗೆ ಹೆಲ್ಮೆಟ್ ತಲೆಕೆಳಗಾಗಿ, ಗದ್ದದ ಪಟ್ಟಿಯಿಂದ ನೇತಾಡುತ್ತಿತ್ತು. ಬಿಲ್ಲೆ ಸ್ವಸ್ಥಾನದಲ್ಲಿತ್ತು. ಒಳಗೆ ಹುಲ್ಲು, ಹುಲ್ಲಿನ ಮೇಲೆ ಕೆಂಗಂದು ಬಣ್ಣದ ಮೊಟ್ಟೆಗಳು.

"ನೀವು ಬರ್ತೀರಿ ಅಂತ ಗೊತ್ತಿತ್ತಮ್ಮ. ಹಬ್ಬ ಮುಗಿಸ್ಕೊಂಡು ಬರ್ತೀರೇನೋ ಅಂದ್ಕೊಂಡಿದ್ದೆ," ಎಂದಳು ವಾಲ್ಬುರ್ಗಾ.

"ಯಾಕೆ ತಗೊಂಡ್ರಿ?"

"ನಾಳೆ ಈಸ್ಟರ್, ಮೊಮ್ಮಕ್ಕಳು ಬರ್ತಾರೆ. ನಮ್ಮನೇಲಿ ತೋಟದಲ್ಲಿ ಬಚ್ಚಿಟ್ಟ ಮೊಟ್ಟೆ ಆಯೋದು ಇದರಲ್ಲೇ. ಮುತ್ತಜ್ಜ ಯುದ್ಧದಿಂದ ಜೀವಸಹಿತ ಬಂದು, ಇನ್ನು ಇದು ತಲೆ ಮೇಲೆ ಕೂರೋದು ಬೇಡ ಅಂದನಂತೆ."

"ಷ್ಟೋಟ್ಸ್ ಅವರನ್ನ ಕೇಳಬಹುದಿತ್ತಲ್ಲ?"

"ಪ್ರದರ್ಶನದಲ್ಲಿದೆ ಅಂತ ಗೊತ್ತಾಗಿ ಕೇಳೋಕೇ ಹೋಗಿದ್ದೆ. ಸಂಜೆ ಪಟ್ಟಿ ಬಿಚ್ತೀನಿ ಅಂತ ಯಾರಿಗೋ ಹೇಳ್ತಿದ್ರು. ಪಟ್ಟಿ ಹೋದ್ರೆ ಹಿಡಿಯೋದು ಹೇಗೆ? ನನ್ನ ಬಾಯಿ ಕಟ್ಟಿಹೋಯ್ತು. ಕೈ ಕಟ್ಟಲಿಲ್ಲ, ನೋಡಿ."

ಅವಳನ್ನು ದಸ್ತಗಿರಿ ಮಾಡಲಾಯಿತು. ಒಲೆ ಆರಿಸಿ ಬರುತ್ತೇನೆ ಎಂದಳು, ಕಾದರು. ಮೊಟ್ಟೆಗಳನ್ನು ಪ್ಫಿಸ್ಟರರ್ ತಾನೇ ಜೋಪಾನವಾಗಿ ತಟ್ಟೆಗೆ ತೆಗೆದಿಟ್ಟ.

ಗುರುತು ಹಿಡಿಯಲು ಷ್ಟೋಟ್ಸ್ ಠಾಣೆಗೆ ಬಂದರು. ಗುಡ್ರುನ್‌ಗೆ ಒಂದು ಅನುಮಾನ ಉಳಿದಿತ್ತು. ಇಂಥ ತಜ್ಞರನ್ನು ಕೇಳುವುದು ಹೇಗೆಂದು ಅಳುಕಿ, ಕೊನೆಗೆ ಕೇಳಿಯೇಬಿಟ್ಟಳು: "ಇತ್ತೀಚೆಗೆ ಕೊರೆದ ತೂತಾದ್ರೆ ಹೇಗಿರುತ್ತೆ?"

"ಅಂಚು ಬಿಳಿಚಿಕೊಂಡಿರುತ್ತೆ. ಹಸಿ ಚರ್ಮ ಕಾಣುತ್ತೆ."

"ಇದರಲ್ಲಿ?"

ಷ್ಟೋಟ್ಸ್ ಬಿಲ್ಲೆ ಬಿಚ್ಚಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ನಾಲ್ಕೂ ಕಪ್ಪು. ಹಳೇ ಮೆರುಗು ಒಳಗೆಲ್ಲ ಇಳಿದಿದೆ. ಅಂದ್ರೆ ಎರಡೂ ಜೊತೆ ಸೈನ್ಯದ ಕಾಲದಲ್ಲೇ ಕೊರೆದದ್ದು." ವಾಲ್ಬುರ್ಗಾಳ ಕಡೆ ತಿರುಗಿದರು. "ನಿಮ್ಮ ಮುತ್ತಜ್ಜ ಯಾವ ಊರಿನವರು?"

"ಬಾಡೆನ್ ಕಡೆಯವನು. ಅಲ್ಲೇ ಸೈನ್ಯ ಸೇರಿದ್ದ. ಮದುವೆಯಾಗಿ ಈಚೆ ಬಂದಮೇಲೆ ಇಲ್ಲಿನ ರೆಜಿಮೆಂಟಿಗೆ ಹಾಕಿದ್ರಂತೆ. ದುಡ್ಡು ಕೊಟ್ಟು ಕೊಂಡ ಹೆಲ್ಮೆಟ್, ಇನ್ನೊಂದು ಯಾಕೆ ಅಂತ ಬಿಲ್ಲೆ ಮಾತ್ರ ಬದಲಾಯಿಸಿದನಂತೆ."

"ತೂತು ಎಣಿಸಿದೆ, ಅಂಚು ನೋಡಲಿಲ್ಲ," ಎಂದರು ಷ್ಟೋಟ್ಸ್, ಕುರ್ಚಿಗೆ ಒರಗಿ. "ನಾಲ್ಕು ತೂತು ಅಂದಕೂಡಲೇ ನಾವೆಲ್ಲ ಮೋಸ ಅಂದುಬಿಡ್ತೀವಿ. ಅಪ್ಪಟ ಮಾಲನ್ನ ನಾನೇ ಬಿಚ್ಚಿಹಾಕ್ತಿದ್ದೆನಲ್ಲ."

ಗುಡ್ರುನ್ ಸರ್ಕಾರಿ ವಕೀಲರಿಗೆ ಫೋನ್ ಮಾಡಿದಳು. ಸಾಕ್ಷ್ಯಕ್ಕೆ ಫೋಟೊ ಸಾಕು, ಹೇಳಿಕೆ ಪಡೆದು ಮುದುಕಿಯನ್ನು ಮನೆಗೆ ಕಳಿಸಿ, ಮಾಲು ಮಾಲೀಕರಿಗೆ ಕೊಡಿ ಎಂದರು ಅವರು. ಮಾಲೀಕರು ಅದನ್ನು ತೆಗೆದುಕೊಂಡು ಆರೋಪಿಯ ಮಡಿಲಿಗಿಟ್ಟರು.

"ನಿಮ್ಮ ಹತ್ರಾನೇ ಇರಲಿ. ಪಟ್ಟಿ ಹಳೇದು, ಮಕ್ಕಳು ಬೀಸದ ಹಾಗೆ ನೋಡ್ಕೊಳ್ಳಿ. ಒದ್ದೆ ಮೊಟ್ಟೆ ಹಾಕಬೇಡಿ."

"ನೂರು ವರ್ಷದಿಂದ ಹಾಕ್ತಿದ್ದೀವಿ ಸ್ವಾಮಿ," ಎಂದಳು ವಾಲ್ಬುರ್ಗಾ.

ಅವರಿಬ್ಬರೂ ಹೋದ ಮೇಲೆ ಗುಡ್ರುನ್ ವರದಿ ಮುಗಿಸಲು ಕುಳಿತಳು. ಕೃತ್ಯದ ಉದ್ದೇಶ ಎಂಬಲ್ಲಿ 'ಭಾವನಾತ್ಮಕ ಕಾರಣ' ಎಂದು ಬರೆದು ಹೊಡೆದುಹಾಕಿದಳು. ಮೇಲಿನವರು ನಗಬಹುದೇ ಎಂದು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ 'ಹಬ್ಬದ ಮೊಟ್ಟೆ ಆಯಲು' ಎಂದು ಬರೆದು, ಸಹಿ ಮಾಡಿದಳು.