ಬೆನ್ನಿನ ಮೇಲಿನ ಬಳ್ಳಿ

ಮಹಾನವಮಿಯ ಮುಂಜಾವಿನಲ್ಲಿ ಹೇಮಗಿರಿಯ ಏಳು ಹೆಬ್ಬಾಗಿಲುಗಳೂ ತೆರೆದಿದ್ದವು. ಪಟ್ಟದಾನೆಯ ಘಂಟಾನಾದಕ್ಕೆ ಬೆದರಿದ ಪಾರಿವಾಳಗಳು ಪೇಟೆಬೀದಿಯಿಂದ ಗುಂಪಾಗಿ ಮೇಲೆದ್ದು, ಅರಮನೆಯ ಬಯಲಿನಲ್ಲಿ ಗಾಳಿಗೆ ಉಬ್ಬುತ್ತಿದ್ದ ಚೀನಾಂಬರದ ಚಪ್ಪರಗಳ ಮೇಲೆ ಸುತ್ತುತ್ತಿದ್ದವು. ಅಂದು ಜನ ಕಾದಿದ್ದುದು ಜಟ್ಟಿಕಾಳಗಕ್ಕಲ್ಲ, ಒಂದು ಗಂಜೀಫದ ಎಲೆಯಾಟಕ್ಕೆ. ಗಡಿಯ ಕಲ್ಲೂರು ದುರ್ಗಕ್ಕಾಗಿ ಮೂರು ತಲೆಮಾರು ರಕ್ತ ಚೆಲ್ಲಿದ್ದ ಎರಡು ರಾಜ್ಯಗಳು, ಯುದ್ಧ ಸಾಕೆಂದು, ಅದನ್ನು ಆಟದ ಎಲೆಗಳಲ್ಲೇ ತೀರ್ಮಾನಿಸಲು ಒಪ್ಪಿದ್ದವು. ದುರ್ಗ ಹೇಮಗಿರಿಯ ಕೈತಪ್ಪಿದರೆ ಅದರ ಆಧಿಪತ್ಯ ಹೇಮಗಿರಿಯ ಪ್ರಧಾನಿ ನರಹರಯ್ಯನಿಗೇ ಎಂದು ನೆರೆಯವರು ಒಳಗೊಳಗೇ ಮಾತು ಕೊಟ್ಟಿದ್ದರು.

ಎಲೆಗಳ ಪೆಟ್ಟಿಗೆ ಹೊತ್ತು ಬಂದವನು ಚಿತ್ರಗಾರ ಕೇತೋಜ. ಅವನ ಮನೆತನದಲ್ಲಿ ಬಟ್ಟೆಗೆ ಅಂಟು ಹಚ್ಚಿ ಎಲೆ ಕತ್ತರಿಸುವುದರಿಂದ ಅರಗಿನ ಮೆರುಗು ಕೊಡುವವರೆಗೆ ಒಬ್ಬನದೇ ಕೈ. ನರಹರಯ್ಯ ಆ ಪದ್ಧತಿಯನ್ನು ಕಿತ್ತೊಗೆದು, ಪಾರಸಿಕ ದೇಶದ ಷಿರಾಜಿನಿಂದ ಉಸ್ತಾದ್ ಬೆಹ್ರೂಜನನ್ನು ಕರೆಸಿ, ರೇಖೆಗೊಬ್ಬ, ಬಣ್ಣಕ್ಕೊಬ್ಬ, ಮೆರುಗಿಗೊಬ್ಬನೆಂದು ಹೊಸ ಕಾರ್ಖಾನೆ ತೆರೆದಿದ್ದ. ಕೇತೋಜನ ಪಾಲಿಗೆ ಬಂದದ್ದು ಕೊನೆಯ ಮೆರುಗು. ಹಾಗಾಗಿಯೇ ಇಡೀ ಕಟ್ಟು ಒಟ್ಟಿಗೆ ಬಿದ್ದದ್ದು ಅವನೊಬ್ಬನ ಕಣ್ಣಿಗೆ. ಅವತಾರಕ್ಕೆ ಹನ್ನೆರಡರಂತೆ ಹತ್ತು ಅವತಾರಗಳ ಆ ಎಲೆಗಳ ಬೆನ್ನಿನಲ್ಲಿ ಅಂದವಾದ ಬಳ್ಳಿಯಿತ್ತು. ರಾಜನ ಎಲೆಯ ಬೆನ್ನಿಗೆ ಹನ್ನೆರಡು ಚಿಗುರು, ಮಂತ್ರಿಗೆ ಹನ್ನೊಂದು, ಹತ್ತಕ್ಕೆ ಹತ್ತು. ಬಲ್ಲವನು ಎದುರಾಳಿಯ ಕೈಯನ್ನು ಕುಳಿತಲ್ಲಿಂದಲೇ ಓದಬಹುದಿತ್ತು.

"ನಮ್ಮಲ್ಲಿ ಬೆನ್ನು ಬೋಳಾಗಿರಬೇಕು ಸ್ವಾಮಿ, ಬಳ್ಳಿ ಯಾಕೆ?" ಎಂದು ಅವನು ಕೇಳಿದಾಗ ಪ್ರಧಾನಿ ನಕ್ಕಿದ್ದ. "ಮೆರುಗು ಹಾಕುವವನು ಮೆರುಗು ಹಾಕಯ್ಯ. ಮಿಕ್ಕದ್ದು ನಿನ್ನ ಕೆಲಸವಲ್ಲ."

ಅರಸನ ಬಳಿಗೆ ಹೋಗುವ ಬಾಗಿಲುಗಳೆಲ್ಲ ಪ್ರಧಾನಿಯವೇ. ಕೇತೋಜ ಮನೆಗೆ ಹೋಗಿ ಅರಗು ಕಾಯಿಸಿದ್ದ.

ಈಗ ಸಭಾಮಂಟಪದಲ್ಲಿ ಪೆಟ್ಟಿಗೆ ತೆರೆದ ನರಹರಯ್ಯ ಬಿಳಿಚಿಕೊಂಡ. ಬೆನ್ನುಗಳೆಲ್ಲ ಗಟ್ಟಿ ಕೆಂಪು!

"ದ್ರೋಹಿ! ಅಷ್ಟು ಚೆಂದದ ಕುಸುರಿಯನ್ನು ಗೋಡೆಗೆ ಕೆಮ್ಮಣ್ಣು ಬಳಿದ ಹಾಗೆ ಬಳಿದುಬಿಟ್ಟೆಯಲ್ಲೋ! ಮಹಾಸ್ವಾಮಿ, ಇವನ ಬಲಗೈ ಕಡಿಸಬೇಕು."

"ಕಡಿಸಲಿ," ಎಂದು ಕೇತೋಜ ತೋಳು ಚಾಚಿದ. "ಅದಕ್ಕೆ ಮೊದಲು ಈ ಕೈಗೆ ಇನ್ನೊಂದು ಕೆಲಸವಿದೆ." ಸೊಂಟದ ಗಂಟಿನಿಂದ ಹನ್ನೆರಡು ಎಲೆ ತೆಗೆದ. "ಮತ್ಸ್ಯಾವತಾರದ ಇವಿಷ್ಟಕ್ಕೆ ಕೆಂಪು ಹಚ್ಚಿಲ್ಲ. ಮಹಾಸ್ವಾಮಿಯವರೇ ಕಲಸಿ ಕವುಚಿ ಇಡುವ ಕೃಪೆ ಮಾಡಬೇಕು."

ಯುವ ಅರಸ ಮುದ್ದನಾಯಕ ಎಲೆಗಳನ್ನು ಕಲಸಿ ಹರವಿದ. ಕೇತೋಜ ಮುಟ್ಟದೆಯೇ ಹೇಳುತ್ತ ಹೋದ: "ಇದು ಐದು. ಇದು ರಾಜ. ಇದು ಒಂದು." ಅರಸ ಮಗುಚಿದಂತೆಲ್ಲ ಹೇಳಿದ್ದೇ ಬಂತು. ಆಡಲು ಬಂದಿದ್ದ ನೆರೆರಾಜ್ಯದ ದಳವಾಯಿ ಉತ್ತರೀಯದಿಂದ ಬೆವರೊರೆಸಿಕೊಂಡ.

"ಬಳ್ಳಿ ಬರೆದವನು ಆ ಪರದೇಶಿ! ನನಗೇನು ಗೊತ್ತು?" ನರಹರಯ್ಯ ಕಿರುಚಿದ.

ನರೆಗಡ್ಡದ ಬೆಹ್ರೂಜ್ ಎದ್ದು ಬಂದ. "ನಕ್ಷೆ ಪ್ರಧಾನಿಗಳು ಕೊಟ್ಟದ್ದು, ಹುಜೂರ್. ನಾನು ಬರೆದೆ, ಎಣಿಸಲಿಲ್ಲ. ತಪ್ಪು ನನ್ನದೇ. ನಮ್ಮ ಕಾರ್ಖಾನೆಯಲ್ಲಿ ಕೆಲಸ ಹತ್ತು ಕೈಗೆ ಹಂಚುತ್ತೇವೆ, ನಿಜ. ಆದರೆ ಉತ್ತರ ಕೊಡುವವನು ಒಬ್ಬನೇ, ಉಸ್ತಾದ್. ಪ್ರಧಾನಿಗಳು ನಮ್ಮ ಪದ್ಧತಿಯಲ್ಲಿ ಅರ್ಧ ಮಾತ್ರ ತಂದರು." ಎಂದವನೇ ಕೇತೋಜನ ತೋಳಿನ ಪಕ್ಕಕ್ಕೆ ತನ್ನ ಬಲಗೈಯನ್ನೂ ಚಾಚಿದ.

ಅರಸನ ಮುಂದೆ ಒಂದೇ ಎಲೆ ಉಳಿದಿತ್ತು. "ಇದು?"

ಕೇತೋಜ ಎಲೆಯತ್ತ ನೋಡಲೇ ಇಲ್ಲ. ನರಹರಯ್ಯನನ್ನೇ ದಿಟ್ಟಿಸಿ ಹೇಳಿದ. "ಇದರ ಚಿಗುರು ಎಣಿಸಬೇಕಿಲ್ಲ, ಮಹಾಸ್ವಾಮಿ. ಇದು ಮಂತ್ರಿ."

ಅರಸ ಮಗುಚಿ ನೋಡಿದ, ಕಣ್ಣಲ್ಲೇ ಅಪ್ಪಣೆಯಾಯಿತು. ಕಾವಲಿನವರು ಪ್ರಧಾನಿಯ ಎರಡೂ ತೋಳು ಹಿಡಿದರು.

"ಚಿತ್ರಗಾರರೇ, ಏನು ಬೇಕೋ ಕೇಳಿ," ಎಂದ ಮುದ್ದನಾಯಕ.

"ಮಧ್ಯಾಹ್ನದವರೆಗೆ ಹೊತ್ತು ಬೇಕು. ಈ ಹನ್ನೆರಡಕ್ಕೂ ಕೆಂಪು ಹಚ್ಚಬೇಕು, ಮೆರುಗು ಆರಬೇಕು. ಆಮೇಲೆ ಆಟ ನ್ಯಾಯವಾಗಿ ನಡೆಯಲಿ."

ಬೆಹ್ರೂಜ್ ಎಲೆಗಳನ್ನು ಬಾಚಿಕೊಂಡ. "ನಡೀರಿ. ಆರು ನಿಮಗೆ, ಆರು ನನಗೆ."

"ಹಂಚುವುದು ಸಾಕು ಉಸ್ತಾದರೇ," ಎಂದ ಕೇತೋಜ. "ಹನ್ನೆರಡನ್ನೂ ಇಬ್ಬರೂ ನೋಡೋಣ."