ಅಕ್ಕ ಮಾತಾಡಿದರೆ ಇಳಿಯುವ ಹಾಡು

ಭಾವ ತೀರಿಕೊಂಡ ಮೇಲೆ ಅವರ ಸ್ಪೋರ್ಟ್ಸ್ ಕಾರಿನಲ್ಲಿ ಅಕ್ಕ ಬಾಯಿ ತೆರೆದರೆ ಸಾಕು, ಸ್ಟೀರಿಯೊ ತಾನಾಗಿ ಸದ್ದು ಇಳಿಸುತ್ತಿತ್ತು. ಬದುಕಿದ್ದಾಗ ಭಾವ ಮಾಡುತ್ತಿದ್ದದ್ದೂ ಅದನ್ನೇ.

“ಇದು ನಿಲ್ಲದಿದ್ರೆ ಕಾರು ಮಾರಿಬಿಡ್ತೀನಿ ಕಣೋ,” ಎಂದಳು ಅಕ್ಕ.

“ದೆವ್ವಾನೂ ಇಲ್ಲ, ಗಿವ್ವಾನೂ ಇಲ್ಲಕ್ಕ. ಸದ್ದಿನ ಗುಂಡಿ ಸವೆದಿದೆ, ಅಷ್ಟೆ.”

ನಾನು ಹಟ ಹಿಡಿದು ಕಾರಿನ ಜೊತೆ ಬಂದಿದ್ದ ಸ್ಟೀರಿಯೊ, ಸ್ಪೀಕರು, ತಂತಿ ಎಲ್ಲವನ್ನೂ ಕಿತ್ತು ಹೊಸದನ್ನು ಜೋಡಿಸಿದೆ. ಹಾಡು ಹಾಕಿ ಗಂಟಲು ಹರಿಯುವಂತೆ ಕೂಗಿದೆ, ಸದ್ದು ಕದಲಲಿಲ್ಲ. ಗೆದ್ದೆ ಎಂದುಕೊಂಡು ಅಕ್ಕನನ್ನು ಕರೆದು ಕೂರಿಸಿದೆ.

“ಸರಿಹೋಯ್ತೇನೋ?” ಎಂದಳು.

ಹಾಡು ಮೆಲ್ಲಗೆ ಇಳಿಯಿತು. ಮಧ್ಯಾಹ್ನದ ಬಿಸಿಲಿಗೆ ಕಾರೆಲ್ಲ ಕಾದಿತ್ತು, ಸದ್ದಿನ ಗುಂಡಿ ಮಾತ್ರ ತಣ್ಣಗಿತ್ತು.

ಆಮೇಲೆ ನಾನೇ ಬಿಚ್ಚಿ ನೋಡಿದ್ದೇನೆ. ಆ ಹೊಸ ಸ್ಟೀರಿಯೊದಲ್ಲಿ ಮಾತು ಕೇಳಿಸಿಕೊಳ್ಳುವ ಮೈಕೇ ಇಲ್ಲ.