ಮೂರನೇ ಸುತ್ತಿನ ಕತ್ತಲೆ

ಬೀರುವಿನ ಮೇಲಿನ ಹಲಗೆ ಬರಿದಾಗಿತ್ತು.

ಶಶಿರೇಖಾ ಕೈಯಾಡಿಸಿದಳು. ಕೆಳಗಿನ ಹಲಗೆ ನೋಡಿದಳು. ಬೀರುವಿನ ಹಿಂದೆ, ಅಡಿಯಲ್ಲಿ — ಎಲ್ಲಿಯೂ ಇಲ್ಲ. ಬೆಳಿಗ್ಗೆ ನೋಟುಪುಸ್ತಕವನ್ನು ತಾನೇ ಅಲ್ಲಿಟ್ಟು, ಬೀರುವಿನ ಬಾಗಿಲ ಹಿಡಿ ತಿರುಗಿಸಿ, ಮೂರು ಸಲ ಎಳೆದು ನೋಡಿದ್ದಳು. ಒಂದೂವರೆ ಗೇಣುದ್ದ, ಹಲಗೆಯಂಥ ರಟ್ಟು. ಹೋಗಿತ್ತು.

“ಏನಾಯ್ತು ಮೇಡಂ?” ಟೀ ಲೋಟ ಹಿಡಿದಿದ್ದ ಅರ್ಪಿತ ಕೇಳಿದಳು.

“ರುಕ್ಮಿಣಮ್ಮನವರ ಪುಸ್ತಕ ಕಾಣ್ತಿಲ್ಲ.”

ದೊಡ್ಡಬಳ್ಳಾಪುರದ ನೇಕಾರರ ಬೀದಿಯ ಹಿಂದಿನ ಆ ತಗಡಿನ ಶೆಡ್ಡಿನಲ್ಲಿ ಒಂದು ಕಾಲಕ್ಕೆ ಎಂಟು ಮಗ್ಗಗಳಿದ್ದವು. ಈಗ ಪ್ರತಿ ಶನಿವಾರ ಬೆಳಿಗ್ಗೆ ಹತ್ತು ಮಂದಿ ಅಲ್ಲಿ ಸೇರಿ ಮುನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ, ಎದುರುಬದುರು ಎರಡು ಸಾಲು ನಿಂತು ಆಡುವ ಜೋಡಿ ಕುಣಿತ ಕಲಿಯುತ್ತಿದ್ದರು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಶಶಿರೇಖಾ ಸಾಲಿನ ತಲೆಯಲ್ಲಿ ನಿಂತು ಮುಂದಿನ ಹೆಜ್ಜೆ ಯಾವುದೆಂದು ಕೂಗಿ ಹೇಳುತ್ತಿದ್ದಳು. ಪಕ್ಕದಲ್ಲಿ ನಂದೀಶನ ಪಿಟೀಲು. ಸಂಘ ಕಟ್ಟಿದವರು ರವಿಚಂದ್ರ. ಹಳೆಯ ಬರಹಗಳನ್ನು ಹದಿನೈದು ವರ್ಷ ಓದಿ, ಮರೆತುಹೋದ ಹತ್ತು ಕುಣಿತಗಳಿಗೆ ಜೀವ ಕೊಟ್ಟವರೆಂದು ಅವರಿಗೆ ಹೆಸರಿತ್ತು. ಆ ಹತ್ತರ ಬಗ್ಗೆ ಅವರ ಪುಸ್ತಕ ಮುಂದಿನ ವಾರ ಬಿಡುಗಡೆಯಾಗುವುದಿತ್ತು.

ಕಳೆದ ವರ್ಷ ತೀರಿಕೊಂಡ ರುಕ್ಮಿಣಮ್ಮ ದೇವನಹಳ್ಳಿಯಲ್ಲಿ ಭೂಗೋಳದ ಟೀಚರಾಗಿದ್ದವರು. ಅವರೂ ಇದೇ ಕುಣಿತ ಕಲಿಸುತ್ತಿದ್ದರೆಂದು ಯಾರಿಗೂ ಗೊತ್ತಿರಲಿಲ್ಲ. ಅವರ ತಮ್ಮನ ಮಗಳು ಕವಿತ ಬೆಳಿಗ್ಗೆ ಅವರು ಹೆಜ್ಜೆ ಬರೆದಿಟ್ಟಿದ್ದ ಪುಸ್ತಕ ತಂದು, “ಹನ್ನೆರಡಕ್ಕೆ ಬರ್ತೀನಿ ಮೇಡಂ, ಜೋಪಾನ. ಅತ್ತೇದು ಅಂತ ಇರೋದು ಇದೊಂದೇ,” ಎಂದು ಶಶಿರೇಖಾಳ ಕೈಗೆ ಕೊಟ್ಟು ಹೋಗಿದ್ದಳು. ಮೊದಲ ಪುಟದ ಹೆಸರು ನೋಡುವಷ್ಟರಲ್ಲಿ ತರಗತಿಗೆ ಹೊತ್ತಾಗಿ, ಎಲ್ಲರ ಕಣ್ಣೆದುರೇ ಅದನ್ನು ಬೀರುವಿನಲ್ಲಿಟ್ಟಿದ್ದಳು.

ಈಗ ಹನ್ನೊಂದೂ ಇಪ್ಪತ್ತು.

“ಎಲ್ರೂ ಬ್ಯಾಗ್ ತೆಗೀರಿ. ಮೊದ್ಲು ನಂದೇ ನೋಡಿ,” ಎಂದರು ರವಿಚಂದ್ರ. ಹನ್ನೊಂದು ಬ್ಯಾಗು, ಪಿಟೀಲಿನ ಪೆಟ್ಟಿಗೆ — ಏನೂ ಸಿಗಲಿಲ್ಲ.

“ಕೂತ್ಕೊಳ್ಳಿ ಸರ್,” ಅರ್ಪಿತ ಸ್ಟೂಲು ಎಳೆದಳು.

“ಕೂರೋ ಹೊತ್ತೇನಮ್ಮಾ ಇದು? ಲೆಕ್ಕ ಸುಲಭ ಇದೆ. ಹತ್ತು ಜನ ಕುಣೀತಿದ್ವಿ. ನಂದೀಶ ಬಾರಿಸ್ತಿದ್ದ. ಮೇಡಂ ಕೂಗ್ತಿದ್ರು. ಉಳಿದೋರು ಯಾರು?”

ಎಲ್ಲರ ಕಣ್ಣು ಬಾಗಿಲ ಕಡೆ ಹೊರಳಿತು. ಶೆಡ್ಡಿಗೆ ಇದ್ದದ್ದು ಅದೊಂದೇ ಬಾಗಿಲು, ಸಾಲಿನ ಕೆಳತುದಿಯಲ್ಲಿ, ಪಕ್ಕದಲ್ಲೇ ಬೀರು. ಬಾಗಿಲಾಚೆ ಟೀ ಕಾಯಿಸುತ್ತಿದ್ದ ಮುತ್ತಮ್ಮ ಈಗ ಹೊಸ್ತಿಲಲ್ಲಿ ನಿಂತಿದ್ದಳು.

“ನಾನ್ಯಾಕ್ ಸಾ ತಕ್ಕಳ್ಲಿ? ನಿಮ್ ಕೋಲಿಲ್ದ ಕೋಲಾಟದ್ ಪುಸ್ತಕ ನಂಗ್ಯಾತಕ್ಕೆ?”

“ಒಲೆ ಹಚ್ಚೋಕೆ ಕಾಗದ ಬೇಕಲ್ಲ.”

“ಗ್ಯಾಸ್ ಒಲೆ ಸಾ ಅದು.”

ಯಾರೋ ಕಿಸಕ್ಕೆಂದರು. ರವಿಚಂದ್ರ ನಗಲಿಲ್ಲ. ಫೋನು ತೆಗೆದರು. “ಕವಿತ ಬರೋದ್ರೊಳಗೆ ಪುಸ್ತಕ ಸಿಕ್ಲಿಲ್ಲ ಅಂದ್ರೆ ಸ್ಟೇಷನ್‌ಗೆ ಹೇಳ್ತೀನಿ.”

ಮುತ್ತಮ್ಮನ ಮುಖದ ನಗು ಇಳಿಯಿತು. ಉಳಿದ ದಿನ ಅವಳು ಒಂದು ಶಾಲೆಯಲ್ಲಿ ಕಸ ಗುಡಿಸುತ್ತಿದ್ದಳು. ಪೊಲೀಸರು ಕರೆದರೆಂಬ ಸುದ್ದಿ ಹಬ್ಬಿದರೆ ಸಾಕು, ಸೋಮವಾರ ಆ ಗೇಟು ಅವಳಿಗೆ ತೆರೆಯುವುದಿಲ್ಲ. ತಪ್ಪು ಮಾಡಿದಳೋ ಇಲ್ಲವೋ ಎಂದು ಕೇಳುವವರು ಯಾರು?

ಆಡಿದ ಮಾತು ಹಿಂದೆ ಬರುವುದಿಲ್ಲವೆಂದು ಹೆದರಿ, ಮಾತನ್ನು ಅಳೆದು ತೂಗುವವಳು ಶಶಿರೇಖಾ. ಆದರೂ ಬೆಳಿಗ್ಗೆಯಿಂದ ಏನೋ ಒಂದು ಅವಳೊಳಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಕುಣಿತದ ಹೊತ್ತಲ್ಲಿ ಏನೋ ತಪ್ಪು ಕಂಡಿತ್ತು, ಏನೆಂದು ಹೊಳೆಯುತ್ತಿರಲಿಲ್ಲ.

“ಮುತ್ತಮ್ಮ, ಬೀರು ತೆಗೆದ ಸದ್ದು ಏನಾದ್ರೂ ಕೇಳಿಸ್ತಾ?”

“ಕೇಳಿಸ್ತು ಕಣವ್ವ. ಕರೆಂಟ್ ಹೋಯ್ತಲ್ಲ, ಪಕ್ಕದ್ ಮಗ್ಗ ಎಲ್ಲಾ ನಿಂತೋದ್ವು. ಆಗ ಕಿರ್ರ್ ಅಂತು. ನೀವೇ ತಗೀತಿದ್ದೀರೇನೋ ಅಂದ್ಕಂಡೆ.”

“ನೋಡಿ!” ರವಿಚಂದ್ರ ಬೆರಳೆತ್ತಿದರು. “ಅವಳ ಬಾಯಲ್ಲೇ ಬಂತು. ಕತ್ತಲಾಗಿದ್ದೇ ತಡ ಒಳಗೆ ನುಗ್ಗಿದ್ದಾಳೆ.”

ಬೆಳಿಗ್ಗೆ ಕುಣಿತದ ನಡುವೆ ಕರೆಂಟು ಹೋಗಿತ್ತು. ಮಗ್ಗದ ಸದ್ದಿಗೆ ಕಿಟಕಿ, ಬಾಗಿಲು ಎಲ್ಲ ಮುಚ್ಚಿದ್ದರಿಂದ ಶೆಡ್ಡಿನೊಳಗೆ ಕಗ್ಗತ್ತಲು. “ನಿಲ್ಲಿಸ್ಬೇಡಿ! ಕೈ ಬಿಡ್ಬೇಡಿ!” ಎಂದು ರವಿಚಂದ್ರರೇ ಕೂಗಿದ್ದರು. ನಂದೀಶ ಬಾರಿಸಿದ; ಪಿಟೀಲು, ಹೆಜ್ಜೆ ಸದ್ದು ಬಿಟ್ಟರೆ ಒಳಗೆ ಬೇರೇನೂ ಕೇಳಲಿಲ್ಲ. ಕೈಗಳು ಕೈಗಳನ್ನು ಹುಡುಕಿಕೊಂಡವು. ಒಂದು ಸುತ್ತು ಮುಗಿಯುವಷ್ಟರಲ್ಲಿ ದೀಪ ಬಂದಿತ್ತು.

“ಬಾಗಿಲು ತೆಗೆದ್ರೆ ಬೆಳಕು ಬೀಳ್ತಿತ್ತಲ್ವಾ ಸರ್?” ಶಶಿರೇಖಾ ಮೆಲ್ಲಗೆ ಕೇಳಿದಳು. “ಹೊರಗೆ ಬಿಸಿಲಿತ್ತು. ಕತ್ತಲೇಲಿ ಯಾರಿಗಾದ್ರೂ ಬೆಳಕು ಕಾಣಿಸ್ತಾ?”

“ಇಲ್ಲ ಮೇಡಂ, ಕಗ್ಗತ್ತಲೇ ಇತ್ತು,” ಎಂದ ನಂದೀಶ.

“ಅಂದ್ರೆ ತೆಗೆದೋರು ಒಳಗೇ ಇದ್ರು.”

“ಒಳಗಿದ್ದೋರೆಲ್ಲ ಒಬ್ಬರ ಕೈ ಒಬ್ಬರು ಹಿಡ್ಕೊಂಡಿದ್ವಿ,” ಎಂದರು ರವಿಚಂದ್ರ. “ನಾನು, ಅರ್ಪಿತ ನಿಂತಿದ್ದೇ ಸಾಲಿನ ನಟ್ಟನಡುವೆ. ಮೂರನೇ ಜೋಡಿ. ಎಲ್ರೂ ನೋಡಿದ್ದಾರೆ.”

ಹೌದು, ಹೌದು ಎಂದು ನಾಲ್ಕು ತಲೆ ಆಡಿದವು.

“ನಂದೀಶ್, ಕರೆಂಟ್ ಹೋದಾಗ ಎಷ್ಟನೇ ಸುತ್ತು?”

“ಎರಡು ಮುಗ್ಸಿ ಮೂರನೇದು ಎತ್ಕೊಂಡಿದ್ದೆ ಮೇಡಂ. ಬಿಲ್ಲು ಮೇಲಿತ್ತು, ಟಪ್ ಅಂತ ಹೋಯ್ತು.”

ಶಶಿರೇಖಾ ನೆಲದ ಮೇಲೆ ಕೂತು, ಖಾಲಿ ಟೀ ಲೋಟಗಳನ್ನು ಎರಡೆರಡಾಗಿ ಐದು ಜೋಡಿ ಸಾಲಿಟ್ಟಳು. ತಲೆಯ ಕಡೆ ಪಿಟೀಲು. ಕಾಲ ಕಡೆ ಬಾಗಿಲು.

“ಇದು ನಾವು ಶುರು ಮಾಡಿದ್ದು. ಮೊದಲ ಸುತ್ತು — ಮೊದಲ ಜೋಡಿ, ಎರಡನೇ ಜೋಡಿ ಕುಣಿದು ಜಾಗ ಬದಲಾಯಿಸ್ತಾರೆ. ಮೂರು, ನಾಲ್ಕೂ ಹಾಗೇ. ಐದನೇ ಜೋಡಿಗೆ ಕುಣಿಯೋಕೆ ಯಾರೂ ಇಲ್ಲ. ಒಂದು ಸುತ್ತು ಸುಮ್ನೆ ನಿಲ್ತಾರೆ.” ಲೋಟಗಳು ಸರಿದವು. “ಎರಡನೇ ಸುತ್ತು. ಈಗ ತಲೇಲಿರೋ ಜೋಡಿ ಸುಮ್ನೆ ನಿಲ್ತಾರೆ. ಉಳಿದೋರು ಬದಲಾಗ್ತಾರೆ.” ಲೋಟಗಳು ಮತ್ತೆ ಸರಿದವು. “ಮೂರನೇ ಸುತ್ತು. ಬಾಗಿಲ ಹತ್ರ, ಯಾರ ಕೈಯೂ ಹಿಡೀದೆ ನಿಂತಿರೋರು ಯಾರು?”

ನಡುವೆ ಇಟ್ಟಿದ್ದ, ಅಂಚು ಒಡೆದ ಎರಡು ಲೋಟಗಳು ಈಗ ಕೊನೆಯಲ್ಲಿದ್ದವು.

“ಅಯ್ಯೋ, ನಾವು,” ಎಂದಳು ಅರ್ಪಿತ.

“ಅದಕ್ಕೇನೀಗ?” ರವಿಚಂದ್ರರ ದನಿ ಏರಿತು. “ನಿಂತಿದ್ವಿ. ಅಷ್ಟೇ. ಅರ್ಪಿತಾನೂ ಅಲ್ಲೇ ಇದ್ಲು!”

“ಅರ್ಪಿತ, ಕೊನೇಲಿ ನಿಂತ ಜೋಡಿ ಮತ್ತೆ ಸಾಲಿಗೆ ಬರೋ ಮುಂಚೆ ಏನ್ ಮಾಡ್ಬೇಕು?”

“ಅವರಿದ್ದ ಕಡೆ ನಾನು, ನಾನಿದ್ದ ಕಡೆ ಅವರು ಹೋಗ್ಬೇಕು. ಸರ್ರೇ ನೂರು ಸಲ ಹೇಳಿದ್ದಾರೆ.”

“ಮಾಡಿದ್ಯಾ?”

“ಮಾಡಿದೆ. ಕತ್ತಲೇಲೇ ದಾಟಿದೆ. ಆದ್ರೆ...” ಅವಳು ತಡೆದಳು. “ದಾಟೋವಾಗ ಸರ್ ಭುಜ ತಗುಲ್ಲಿಲ್ಲ ಮೇಡಂ. ಸರ್ ಮೊದ್ಲೇ ದಾಟಿರ್ಬೇಕು ಅಂದ್ಕೊಂಡೆ. ಲೈಟ್ ಬಂದಾಗ ನೋಡಿದ್ರೆ ಇಬ್ರೂ ಒಂದೇ ಕಡೆ! ಎಲ್ರೂ ನಕ್ರಲ್ಲ? ನಾನೇ ತಪ್ಪು ಮಾಡಿದೆ ಅಂತ ಓಡಿ ಆ ಕಡೆ ಹೋದೆ.”

ಅದೇ. ಅದೇ ಮುಳ್ಳು.

“ತಪ್ಪು ನಿಂದಲ್ಲ,” ಎಂದಳು ಶಶಿರೇಖಾ. “ಆರು ತಿಂಗಳಿಂದ ಕಲೀತಿರೋಳು ಸರಿಯಾಗಿ ದಾಟಿದೀಯ. ಹದಿನೈದು ವರ್ಷದಿಂದ ಇದನ್ನೇ ಓದಿ ಕಲಿಸ್ತಿರೋರು ದಾಟಲಿಲ್ಲ. ಯಾಕಂದ್ರೆ ಆಗ ಅವರು ಸಾಲಲ್ಲೇ ಇರಲಿಲ್ಲ. ಬೀರು ಇರೋದು ಯಾವ ಕಡೆ ಗೋಡೇಲಿ? ಅವರು ಮೊದಲು ನಿಂತಿದ್ದ ಕಡೆ. ಅಲ್ಲಿಂದ ಬಂದು ಸಿಕ್ಕ ಜಾಗದಲ್ಲಿ ನಿಂತ್ರು. ಪುಸ್ತಕ ತೆಗೆದೋರು ನೀವೇ ಸರ್.”

ಆಡಿಬಿಟ್ಟಿದ್ದಳು.

ರವಿಚಂದ್ರ ನಕ್ಕರು. “ಕತ್ತಲೇಲಿ ಒಂದ್ ಹೆಜ್ಜೆ ತಪ್ಪಿದ್ದಕ್ಕೆ ಕಳ್ಳ ಮಾಡ್ಬಿಟ್ರಾ? ಹಂಗಾದ್ರೆ ಪುಸ್ತಕ ಎಲ್ಲಿ? ನಾನು ಹೊರಗೆ ಹೋಗೇ ಇಲ್ಲ. ಬ್ಯಾಗ್ ನೋಡಿದ್ರಲ್ಲ?”

“ನೋಡಿದ್ವಿ.” ಅವಳು ಗಡಿಯಾರ ನೋಡಿದಳು. ಹನ್ನೆರಡಕ್ಕೆ ಹತ್ತು ನಿಮಿಷ. “ಬಿಡಿ ಸರ್. ನನ್ನದೇ ತಪ್ಪಿರಬಹುದು. ಪಾಠ ಮುಗಿಸೋಣ. ಇವತ್ತು ಕುಣಿತ ಮುಗಿದಾಗ ಜೋಡಿಗೆ ಬಗ್ಗಿ ಮಾಡೋ ಕೊನೆಯ ನಮಸ್ಕಾರ ಸರಿಯಾಗಿ ಆಗಲಿಲ್ಲ. ಎಲ್ಲರೂ ಬಗ್ಗಿದ್ರು, ನೀವು ತಲೆ ಮಾತ್ರ ಆಡಿಸಿದ್ರಿ.”

“ಏನ್ ತಮಾಷೆ ಇದು?”

“ಸೊಂಟದಿಂದ ಬಗ್ಗದ ನಮಸ್ಕಾರ ನಮಸ್ಕಾರವೇ ಅಲ್ಲ ಅಂತ ಹೇಳ್ಕೊಟ್ಟಿದ್ದು ನೀವೇ. ಮುತ್ತಮ್ಮ, ಇಲ್ಲಿ ಬಾ. ಸರ್ ಎದುರಿಗೆ ನಿಂತ್ಕೋ. ಇಷ್ಟು ಮಾತು ಕೇಳಿದೀಯ, ಒಂದು ನಮಸ್ಕಾರ ಬರಲಿ. ನಂದೀಶ್?”

ಪಿಟೀಲು ಕೊನೆಯ ಎಳೆ ಎಳೆಯಿತು. ಎರಡು ವರ್ಷ ಹೊಸ್ತಿಲಿನಿಂದ ನೋಡುತ್ತಿದ್ದ ಮುತ್ತಮ್ಮ ಸೆರಗು ಸಿಕ್ಕಿಸಿ, ಒಂದು ಕಾಲು ಹಿಂದಿಟ್ಟು, ಚೆಂದವಾಗಿ ಬಗ್ಗಿದಳು.

ರವಿಚಂದ್ರ ಬಗ್ಗಲಿಲ್ಲ.

“ಸೊಂಟ ಹಿಡ್ಕೊಂಡಿದೆ.”

“ಬೆಳಿಗ್ಗೆ ಶುರು ಮಾಡೋವಾಗ ಬಗ್ಗಿ ತೋರಿಸಿದ್ರಲ್ಲ ಸರ್?” ಎಂದಳು ಅರ್ಪಿತ. ಅವಳ ಕಣ್ಣು ಮುಟ್ಟದೆ ಬಿಟ್ಟಿದ್ದ ಸ್ಟೂಲಿನ ಮೇಲೆ ಹೋಯಿತು. “ಕೂರ್ಲೂ ಇಲ್ಲ ನೀವು.”

ಪಕ್ಕದ ಮಗ್ಗಗಳು ಲಟಪಟ ಬಡಿಯುತ್ತಲೇ ಇದ್ದವು. ರವಿಚಂದ್ರರ ಕಪಾಳದಿಂದ ಬೆವರ ಹನಿಯೊಂದು ಇಳಿದು ಜುಬ್ಬದ ಕೊರಳಲ್ಲಿ ಇಂಗಿತು. ಆಮೇಲೆ ಅವರ ಕೈ ಮೆಲ್ಲಗೆ ಬೆನ್ನಿಗೆ ಹೋಯಿತು. ಜುಬ್ಬದೊಳಗಿಂದ, ಸೊಂಟದ ಪಟ್ಟಿಗೆ ಸಿಕ್ಕಿಸಿದ್ದ ಉದ್ದನೆಯ ರಟ್ಟಿನ ಪುಸ್ತಕ ಹೊರಬಂತು.

ಶಶಿರೇಖಾ ಪುಟ ತೆರೆದಳು. ಮಗ್ಗಿ ಪುಸ್ತಕದಷ್ಟು ನೀಟಾದ ಅಕ್ಷರ; ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ನಡುವೆ ಬಾಣದ ಗುರುತು. ಹತ್ತು ಕುಣಿತ. ರವಿಚಂದ್ರ ಜೀವ ಕೊಟ್ಟರೆಂಬ ಅವೇ ಹತ್ತು. ಪ್ರತಿಯೊಂದರ ಕೆಳಗೂ ತಾರೀಖು. ಎಲ್ಲವೂ ಮೂವತ್ತು ವರ್ಷ ಹಿಂದಿನವು.

“ಅವರ ಹತ್ರ ಕಲಿತಿದ್ರಾ?”

“ಒಂದು ಬೇಸಿಗೆ,” ಎಂದರು ರವಿಚಂದ್ರ. ದನಿ ನೆಲಕ್ಕಿಳಿದಿತ್ತು. “ಆಯಮ್ಮ ಬರೆದಿಟ್ಟಿದ್ದಾರೆ ಅಂತ ಇವತ್ತಿನ ತನಕ ಗೊತ್ತಿರ್ಲಿಲ್ಲ. ಬರೀ ಬಾಯಲ್ಲೇ ಹೇಳ್ಕೊಡ್ತಿದ್ರು.”

ಹೊರಗೆ ಸ್ಕೂಟಿ ನಿಂತ ಸದ್ದು. ಕವಿತ ಬಂದಿದ್ದಳು. ಶಶಿರೇಖಾ ಪುಸ್ತಕವನ್ನು ಎದೆಗವಚಿಕೊಂಡು ಬಾಗಿಲ ಕಡೆ ನಡೆದಳು. ರವಿಚಂದ್ರರೂ ಬ್ಯಾಗು ಎತ್ತಿಕೊಂಡು ಹೊರಟರು.

ಮುತ್ತಮ್ಮ ದಾರಿ ಬಿಡಲಿಲ್ಲ. ಅವರ ಎದುರಿಗೇ ನಿಂತಿದ್ದಳು, ಒಂದು ಕಾಲು ಇನ್ನೂ ಹಿಂದಕ್ಕೆ.

“ಈಗ ಬಗ್ಗಿ ಸಾ,” ಎಂದಳು. “ಈಗ ಬಗ್ಗಕ್ಕಾಯ್ತದೆ.”